ನಾಲ್ಕು ಎಂಜಿನ್ ಸೇರಿಸಿ ಒಂದು: ಹಳೇ ಡಾಟ್ಸನ್ 240ಝಡ್‌ಗೆ 3.1 ಲೀಟರ್ ಎಂಜಿನ್ ಕಟ್ಟುವುದು ಹೇಗೆ

ನನ್ನ ಗ್ಯಾರೇಜಿನ ಗೋಡೆಗೆ ಒಂದು ರಟ್ಟಿನ ತುಂಡು ಅಂಟಿಸಿದ್ದೇನೆ. ಅದರ ಮೇಲೆ ಮಾರ್ಕರ್‌ನಲ್ಲಿ ಒಂದೇ ಸಾಲು ಬರೆದಿದೆ: 41.5 + 133 + 34 = 208.5. ಮನೆಗೆ ಬಂದವರು ಇದೇನು, ಬೀಗದ ನಂಬರಾ ಅಂತ ಕೇಳುತ್ತಾರೆ. ಒಂದು ಲೆಕ್ಕದಲ್ಲಿ ಹೌದು. ಈ ಸಾಲು ಗೊತ್ತಾಗುವ ಮೊದಲು ನಾನು ಎರಡು ವರ್ಷ ಸುಮ್ನೆ ದುಡ್ಡು ಸುರಿದೆ.

ಕಾರು 1972ರ ಡಾಟ್ಸನ್ 240ಝಡ್. ಕ್ಯಾಲಿಫೋರ್ನಿಯಾಗೆ ಬಂದ ಮೇಲೆ ನಮ್ಮವರೆಲ್ಲ ಮನೆ ಕೊಳ್ಳುವ ಯೋಚನೆಯಲ್ಲಿದ್ದಾಗ ನಾನು ಇದನ್ನು ಕೊಂಡೆ. ಅದರಲ್ಲಿದ್ದ ಎಲ್24 ಎಂಜಿನ್ 2393 ಸಿಸಿ, ಸಾಲಾಗಿ ಆರು ಸಿಲಿಂಡರ್. ಒಳ್ಳೇ ಎಂಜಿನ್ನೇ, ಆದರೆ ಸಿಲಿಂಡರ್ ಸವೆದು ಬೋರಿಗೆ ಬಂದಿತ್ತು, ನೀಲಿ ಹೊಗೆ ಬಿಡುತ್ತಿತ್ತು. ಬಿಚ್ಚುವುದು ಹೇಗೂ ಬಿಚ್ಚಬೇಕು, ಹಾಗಿದ್ದರೆ ದೊಡ್ಡದಾಗಿಯೇ ಕಟ್ಟೋಣ ಅಂತ ಆಸೆ ಬಂತು.

ಈ ಕಾರಿನ ಭಾಗ್ಯ ಏನೆಂದರೆ ನಿಸ್ಸಾನ್‌ನವರು (ಡಾಟ್ಸನ್ ಅವರದೇ ಹೆಸರು) ಈ ಎಲ್ ಸರಣಿಯ ಎಂಜಿನ್‌ಗಳನ್ನು ವರ್ಷಗಟ್ಟಲೆ ಮಾಡಿದರು, ಮೂಲ ನಕ್ಷೆ ಬದಲಿಸದೆ. 240ಝಡ್‌ನ ಎಲ್24, 1974ರ 260ಝಡ್‌ನ ಎಲ್26, 1975ರಿಂದ ಬಂದ 280ಝಡ್ ಮತ್ತು ಅದರ ನಂತರದ 280ಝಡ್‌ಎಕ್ಸ್‌ನ ಎಲ್28, ಎಲ್ಲವೂ ಅಣ್ಣತಮ್ಮಂದಿರು. ಮೌಂಟು ಒಂದೇ, ಗೇರ್‌ಬಾಕ್ಸ್ ಬೋಲ್ಟು ಒಂದೇ. ಇನ್ನೊಬ್ಬ ದಾಯಾದಿಯೂ ಇದ್ದಾನೆ: ಎಲ್‌ಡಿ28 ಅನ್ನುವ ಡೀಸೆಲ್ ಎಂಜಿನ್. 1981ರಿಂದ 1983ರವರೆಗೆ ಅಮೆರಿಕದಲ್ಲಿ ಮಾರಿದ ಡೀಸೆಲ್ ಮ್ಯಾಕ್ಸಿಮಾದಲ್ಲಿ ಇತ್ತು. ಯಾರೂ ಇಷ್ಟಪಟ್ಟು ಕೊಂಡ ಕಾರಲ್ಲ ಅದು. ಆದರೆ ಅದರ ಹೊಟ್ಟೆಯೊಳಗಿದ್ದ ಕ್ರ್ಯಾಂಕ್ (ಪಿಸ್ಟನ್ನಿನ ಓಡಾಟವನ್ನು ತಿರುಗಾಟ ಮಾಡುವ ದಂಡ) ಮಾತ್ರ ಝಡ್ ಹುಚ್ಚರಿಗೆ ಚಿನ್ನ.

ನಾನು ಇಲ್ಲಿ ಹೇಳುವ ಜೋಡಣೆ ಹೊಸದೇನಲ್ಲ. ಎಷ್ಟೋ ದಶಕದಿಂದ ಜನ ಕಟ್ಟುತ್ತಾ ಬಂದಿದ್ದಾರೆ. ಬ್ಲಾಕ್, ಅಂದರೆ ಸಿಲಿಂಡರ್ ಇರುವ ಎಂಜಿನ್ನಿನ ಮೈ, ಎಲ್28ದು, ಕ್ರ್ಯಾಂಕ್ ಎಲ್‌ಡಿ28 ಡೀಸೆಲ್‌ದು, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಎಲ್24ದು, ಪಿಸ್ಟನ್ 1989ರ ಸುಮಾರಿನ 240ಎಸ್‌ಎಕ್ಸ್ ಕಾರಿನ ಕೆಎ24ಇ ಎಂಜಿನ್ನದು. ನಾಲ್ಕು ಮನೆಯ ಸಾಮಾನು.

ಮೊದಲು ಕೂಡುವ ಲೆಕ್ಕ

ಬೇರೆ ಬೇರೆ ಎಂಜಿನ್ನಿನ ಸಾಮಾನು ಕೂಡಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಇದು ಅದಕ್ಕೆ ಕೂರುತ್ತಾ?" ಎಂಬುದು. ತಪ್ಪು ಪ್ರಶ್ನೆ ಅದು. ಈ ಮನೆತನದಲ್ಲಿ ಮುಕ್ಕಾಲು ಪಾಲು ಎಲ್ಲವೂ ಎಲ್ಲದಕ್ಕೂ ಕೂರುತ್ತದೆ. ಕೂತ ಮೇಲೆ ಪಿಸ್ಟನ್ ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಕೇಳಬೇಕು.

ಕ್ರ್ಯಾಂಕಿನ ನಡುಗೆರೆಯಿಂದ ಬ್ಲಾಕಿನ ಮೇಲ್ಮೈವರೆಗೆ ಎಷ್ಟು ಎತ್ತರ ಇದೆ ಅಂತ ಮೊದಲು ತಿಳಿದುಕೊಳ್ಳಿ. ಎಲ್24, ಎಲ್26, ಎಲ್28 ಮೂರಕ್ಕೂ ಅದು 207.85 ಮಿಮೀ. ಇನ್ನು ಆ ಎತ್ತರವನ್ನು ಒಳಗಿನಿಂದ ತುಂಬುವುದು ಮೂರು ಅಳತೆ: ಸ್ಟ್ರೋಕ್‌ನ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) ಅರ್ಧ, ರಾಡಿನ ಎರಡು ಕಣ್ಣುಗಳ ನಡುವಿನ ಉದ್ದ, ರಾಡಿಗೆ ಪಿಸ್ಟನ್ ಸಿಕ್ಕಿಸುವ ಪಿನ್ನಿನ ನಡುವಿನಿಂದ ಪಿಸ್ಟನ್ ತಲೆವರೆಗಿನ ಎತ್ತರ. ಮೂರನ್ನೂ ಕೂಡಿ. ಬ್ಲಾಕಿನ ಎತ್ತರಕ್ಕಿಂತ ಕಡಿಮೆ ಬಂದರೆ ಪಿಸ್ಟನ್ ಬಾವಿಯೊಳಗೇ ನಿಲ್ಲುತ್ತದೆ. ಜಾಸ್ತಿ ಬಂದರೆ ತಲೆ ಹೊರಗೆ ಹಾಕುತ್ತದೆ.

ಕಂಪನಿಯವರು ಮಾಡಿದ್ದನ್ನೇ ನೋಡಿ. ಎಲ್24ರ ಸ್ಟ್ರೋಕ್ 73.7, ಅರ್ಧ 36.85. ರಾಡು 133. ಪಿಸ್ಟನ್ 38.1. ಒಟ್ಟು 207.95. ಎಲ್28ರ ಸ್ಟ್ರೋಕ್ 79, ಅರ್ಧ 39.5. ರಾಡು 130.35. ಪಿಸ್ಟನ್ ಅದೇ 38.1. ಒಟ್ಟು ಮತ್ತೆ 207.95! ಸ್ಟ್ರೋಕ್ ಜಾಸ್ತಿಯಾದಷ್ಟು ರಾಡನ್ನು ಗಿಡ್ಡ ಮಾಡಿದರು, ಅಷ್ಟೇ. ಈ ಎರಡು ಸಾಲು ಬರೆದು ನೋಡಿದ ರಾತ್ರಿ ನನಗೆ ಇಡೀ ಎಂಜಿನ್ನು ಗಾಜಿನದಾದಂತೆ ಕಂಡಿತು.

ಈಗ ನಮ್ಮ ಡೀಸೆಲ್ ಕ್ರ್ಯಾಂಕ್. ಅದರ ಸ್ಟ್ರೋಕ್ 83, ಅರ್ಧ 41.5. ಅದನ್ನು ಎಲ್28 ಬ್ಲಾಕಿಗೆ ಹಾಕಿ, ಎಲ್28ರದೇ ರಾಡು ಮತ್ತು ಪಿಸ್ಟನ್ ಉಳಿಸಿಕೊಂಡರೆ 209.95 ಆಗುತ್ತದೆ, ಪಿಸ್ಟನ್ ಎರಡು ಮಿಮೀ ಹೊರಗೆ ಬಂದು ಮೇಲಿನ ಮುಚ್ಚಳಕ್ಕೆ, ಅಂದರೆ ಹೆಡ್ಡಿಗೆ, ಗುದ್ದುತ್ತದೆ. ಎಲ್24 ರಾಡು ಹಾಕಿ ಹಳೇ ಪಿಸ್ಟನ್ ಇಟ್ಟರೆ 212.6, ಇನ್ನೂ ಕೆಟ್ಟದು. ಕೆಎ24ಇ ಪಿಸ್ಟನ್ ಗಿಡ್ಡ, ಸುಮಾರು 34 ಮಿಮೀ. ಅದಕ್ಕೆ ಎಲ್28 ರಾಡು ಜೋಡಿಸಿದರೆ 205.85, ಅಂದರೆ ಎರಡು ಮಿಮೀ ಕೆಳಗೇ ನಿಂತುಬಿಡುತ್ತದೆ. ಎಲ್24ರ 133ರ ರಾಡು ಹಾಕಿದರೆ? 41.5 + 133 + 34. ರಟ್ಟಿನ ಮೇಲಿರುವುದು ಇದೇ. 208.5, ಬ್ಲಾಕಿಗಿಂತ 0.65 ಮಿಮೀ ಮೇಲೆ. ಬ್ಲಾಕಿಗೂ ಹೆಡ್ಡಿಗೂ ನಡುವೆ ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿದರೆ ಸಂಭಾಳಿಸಬಹುದು. ಸಾಲದ್ದಕ್ಕೆ ಕೆಎ24ಇಯ ಪಿನ್ನೂ 21 ಮಿಮೀ, ಎಲ್ ಸರಣಿಯದೂ 21 ಮಿಮೀ. ಯಾರೋ ಪುಣ್ಯಾತ್ಮ ನಮಗೋಸ್ಕರವೇ ಮಾಡಿಟ್ಟ ಹಾಗಿದೆ ಅಲ್ವಾ?

ಆ ಪಿಸ್ಟನ್ನಿನ ಅಗಲ 89 ಮಿಮೀ. ಎಲ್28ರ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 86. ಅದನ್ನು 89ಕ್ಕೆ ಹಿಗ್ಗಿಸಿದರೆ, 83ರ ಸ್ಟ್ರೋಕ್‌ಗೆ ಒಟ್ಟು 3098 ಸಿಸಿ. ಹಿಗ್ಗಿಸದೆ 86ರಲ್ಲೇ ಬಿಟ್ಟರೂ 2893 ಸಿಸಿ ಸಿಗುತ್ತದೆ, ಆದರೆ ಆಗ ಗಿಡ್ಡ ಪಿಸ್ಟನ್ ಬೇರೆ ಹುಡುಕಬೇಕು ಅಥವಾ ಮಾಡಿಸಬೇಕು.

ಇಷ್ಟನ್ನೂ ಕಾಗದದ ಮೇಲೆ ಬರೆಯುವ ಮೊದಲು ಒಂದು ಬೋಲ್ಟೂ ಕೊಳ್ಳಬೇಡಿ. ನಿಮ್ಮದು ಝಡ್ ಅಲ್ಲದೆ ಬೇರೆ ಯಾವುದೋ ಹಳೇ ಕಾರಾದರೂ ಈ ಮೂರು ಅಳತೆಯ ಕೂಡಿಕೆ ಬದಲಾಗುವುದಿಲ್ಲ.

ಬ್ಲಾಕ್: ಗೋಡೆ ಎಷ್ಟು ದಪ್ಪ?

ಮೂರು ಮಿಮೀ ಬೋರ್ ಮಾಡಿಸುವುದು ಸಣ್ಣ ಕೆಲಸವಲ್ಲ. ಎರಕ ಹೊಯ್ಯುವಾಗ ಒಳಗಿನ ಅಚ್ಚು ಸ್ವಲ್ಪ ಸರಿದಿದ್ದರೆ ಸಿಲಿಂಡರ್ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇರುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನನ್ನ ಮೊದಲ ಬ್ಲಾಕ್ ಹೋಗಿದ್ದು ಹಾಗೇ. ಒಂದು ಮೆಷಿನ್ ಶಾಪಿಗೆ ಕೊಟ್ಟೆ. ದಪ್ಪ ಅಳೆದು ನೋಡಿ ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. 89ಕ್ಕೆ ಬೋರ್ ಮಾಡಿ ಹೊಳೆಯುವ ಹಾಗೆ ಕೊಟ್ಟರು. ನೀರಿನ ಒತ್ತಡ ಕೊಟ್ಟು ನೋಡಿದಾಗ ಐದನೇ ಸಿಲಿಂಡರಿನ ಗೋಡೆಯಲ್ಲಿ ಒಂದು ಹನಿ ಕಂಡಿತು. ಒರೆಸಿದೆ. ಮತ್ತೆ ಬಂತು. ಸಾಸಿವೆ ಕಾಳಷ್ಟು ಹನಿ, ಅದರ ಹಿಂದೆ ಇಡೀ ಬ್ಲಾಕಿನ ದುಡ್ಡು. ಆ ಒಂದು ಸಿಲಿಂಡರಿಗೆ ಹೊಸ ಒಳಗೋಡೆಯಾಗಿ ಲೈನರ್ ಹಾಕಿಸಬಹುದಿತ್ತು, ಆದರೆ ಒಂದು ಅಷ್ಟು ತೆಳುವಾಗಿದ್ದರೆ ಮಿಕ್ಕವು ಹೇಗಿರಬಹುದು ಅಂತ ಅನುಮಾನ ಬಂದು ಕೈಬಿಟ್ಟೆ.

ಹಾಗಾಗಿ ಬ್ಲಾಕ್ ಬಿಚ್ಚಿ ತೊಳೆದ ತಕ್ಷಣ, ಬೇರೆ ಏನೂ ಖರ್ಚು ಮಾಡುವ ಮೊದಲು, ಅಲ್ಟ್ರಾಸೌಂಡ್ ಯಂತ್ರದಲ್ಲಿ ಗೋಡೆ ದಪ್ಪ ಅಳೆಸಿ. ಪ್ರತಿ ಸಿಲಿಂಡರಿಗೂ ಮೇಲೆ, ನಡುವೆ, ಕೆಳಗೆ, ನಾಲ್ಕೂ ದಿಕ್ಕಿನಲ್ಲಿ. ಬೋರ್ ಆದ ಮೇಲೂ ಪಿಸ್ಟನ್ ಒತ್ತುವ ಪಕ್ಕದಲ್ಲಿ ಮೂರು ಮಿಮೀ ಉಳಿಯಬೇಕು ಅನ್ನುವುದು ನಾನು ಇಟ್ಟುಕೊಂಡ ಗೆರೆ. ಅಷ್ಟು ಇಲ್ಲದಿದ್ದರೆ ಆ ಬ್ಲಾಕ್ 87ಕ್ಕೋ 87.5ಕ್ಕೋ ಸಾಕು, 3.1 ಲೀಟರಿನ ಆಸೆ ಬಿಡಿ.

ಯಾವ ಬ್ಲಾಕ್ ಹುಡುಕಬೇಕು? ಪಕ್ಕದಲ್ಲಿ ಎರಕದಲ್ಲೇ ಎಫ್54 ಅಂತ ಇರುವುದು. 1981ರಿಂದ 1983ರ 280ಝಡ್‌ಎಕ್ಸ್‌ಗಳಲ್ಲಿ, ಟರ್ಬೊ ಇರಲಿ ಇಲ್ಲದಿರಲಿ, ಇದೇ ಇರುತ್ತದೆ. ಇದರಲ್ಲಿ ಅಕ್ಕಪಕ್ಕದ ಸಿಲಿಂಡರ್‌ಗಳನ್ನು ಒಂದಕ್ಕೊಂದು ಕೂಡಿಸಿ ಎರಕ ಹೊಯ್ದಿದ್ದಾರೆ, ಅದಕ್ಕೇ ಹಿಗ್ಗಿಸಲು ಇದನ್ನು ಜನ ಹೆಚ್ಚು ನಂಬುತ್ತಾರೆ. ಹಳೇ ಎನ್42 ಬ್ಲಾಕಿನಲ್ಲೂ 89 ಮಾಡಿ ಓಡಿಸುವವರಿದ್ದಾರೆ. ಅಳೆಸದೆ ನಂಬುವುದು ಎರಡರಲ್ಲಿ ಯಾವುದನ್ನೂ ಬೇಡ.

ಬೋರ್ ಮಾಡುವವರ ಕೈಗೆ ಆರೂ ಪಿಸ್ಟನ್ ಕೊಟ್ಟು, ಅದನ್ನು ಅಳೆದು ಅದಕ್ಕೆ ತಕ್ಕ ಹಾಗೆ ಬೋರ್ ಮಾಡಿ ಅಂತ ಹೇಳಿ. ಪೆಟ್ಟಿಗೆಯ ಮೇಲೆ 89 ಅಂತ ಬರೆದಿರುವುದನ್ನು ನೋಡಿ ಮಾಡುವುದಲ್ಲ.

ಕ್ರ್ಯಾಂಕ್ ಮತ್ತು ರಾಡು

ಡೀಸೆಲ್ ಕ್ರ್ಯಾಂಕ್ ಸಿಗುವುದೇ ಈಗ ಕಷ್ಟ. ಮೂರೇ ವರ್ಷ ಮಾರಿದ ಕಾರು, ಅದರಲ್ಲಿ ಬಹಳಷ್ಟು ಯಾವಾಗಲೋ ಗುಜರಿಗೆ ಹೋಗಿ ಕರಗಿವೆ. ನಾನು ವಾರಾಂತ್ಯಗಳಲ್ಲಿ ಗುಜರಿ ಯಾರ್ಡುಗಳನ್ನು ಸುತ್ತಿ ಸುತ್ತಿ, ಕೊನೆಗೆ ಒಬ್ಬ ಮುದುಕ ತನ್ನ ಶೆಡ್ಡಿನಲ್ಲಿ ಗ್ರೀಸು ಸವರಿ ಹಳೇ ಕಂಬಳಿ ಸುತ್ತಿ ಇಟ್ಟಿದ್ದನ್ನು ಕೊಂಡೆ. ಚಿಕ್ಕವನಿದ್ದಾಗ ಮಾವನ ಜೊತೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಕ್ಕೆ ಅಂಗಡಿ ಅಂಗಡಿ ಅಲೆದದ್ದು ನೆನಪಾಯಿತು. ಅಲ್ಲಿ ಮಾವ ಯಾವ ಸಾಮಾನನ್ನೂ ಬಾಯಿಮಾತಿಗೆ ಕೊಂಡವರಲ್ಲ, ಜೇಬಿನಲ್ಲಿ ಸದಾ ವರ್ನಿಯರ್ ಇರುತ್ತಿತ್ತು.

ವರ್ನಿಯರ್ ಇಲ್ಲೂ ಬೇಕು. ಕ್ರ್ಯಾಂಕಿನ ಪ್ರತಿ ಜರ್ನಲ್ಲನ್ನೂ (ಬೇರಿಂಗಿನಲ್ಲಿ ತಿರುಗುವ ದುಂಡು ಭಾಗ) ಮೈಕ್ರೋಮೀಟರಿನಲ್ಲಿ ಎರಡು ದಿಕ್ಕಿನಿಂದ ಅಳೆಯಿರಿ. ಮುಂದಿನ ತುದಿಯನ್ನು ನಿಮ್ಮ ಪೆಟ್ರೋಲ್ ಎಂಜಿನ್ನಿನ ಕ್ರ್ಯಾಂಕ್ ಪಕ್ಕದಲ್ಲಿಟ್ಟು ನೋಡಿ. ಡೀಸೆಲ್‌ದು ಉದ್ದ ಇರುತ್ತದೆ. ಪುಲ್ಲಿ ಬೋಲ್ಟ್ ಬಿಗಿಯಾಗಬೇಕಾದರೆ ಒಂದು ದಪ್ಪ ವಾಷರ್ ತಿರುವಿಸಬೇಕು, ಇಲ್ಲವೇ ತುದಿ ಕತ್ತರಿಸಬೇಕು. ನಾನು ವಾಷರ್ ಮಾಡಿಸಿದೆ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಆಗಲ್ಲ ನೋಡಿ. ಬಿರುಕು ಪರೀಕ್ಷೆ ಮಾಡಿಸುವುದು ಮರೆಯಬೇಡಿ.

ರಾಡಿನ ವಿಷಯ ಒಂದು ಎಚ್ಚರಿಕೆ. ಮೊದಲ ಮೊದಲ ಎಲ್24 ರಾಡುಗಳ ಬೋಲ್ಟು 8 ಮಿಮೀ. ಆಮೇಲಿನವು 9 ಮಿಮೀ. ನಿಮಗೆ ಬೇಕಾದದ್ದು 9 ಮಿಮೀದು. ಎಂಬತ್ತರ ದಶಕದ ಆರಂಭದ ಪೆಟ್ರೋಲ್ ಮ್ಯಾಕ್ಸಿಮಾದ ಎಲ್24ಇ ಎಂಜಿನ್ನಿನಲ್ಲೂ 133 ಮಿಮೀ ರಾಡೇ ಇದೆ, ಅದನ್ನು ಯಾರೂ ಮುಟ್ಟಿ ನೋಡದ ಕಾರಣ ಅಗ್ಗಕ್ಕೆ ಸಿಗುತ್ತಿತ್ತು. ಯಾವುದೇ ರಾಡಾದರೂ ಬೋಲ್ಟು ಮಾತ್ರ ಹೊಸದು ಹಾಕಿ, ಹಾಕಿದ ಮೇಲೆ ದೊಡ್ಡ ಕಣ್ಣನ್ನು ಮತ್ತೆ ಸರಿಗಾತ್ರಕ್ಕೆ ಮಾಡಿಸಿ.

ಒಂದು ಮಾತು. ಸಾಮಾನು ಕೂಡಿಸುವುದು ಅಂದರೆ ಎಲ್ಲವನ್ನೂ ಕೂಡಿಸುವುದಲ್ಲ. ರಾಡಿನ ಕ್ಯಾಪು ಅದೇ ರಾಡಿಗೆ ಸೇರಿದ್ದು. ಕ್ರ್ಯಾಂಕ್ ಹಿಡಿಯುವ ಬ್ಲಾಕಿನ ಏಳು ಮೇನ್ ಕ್ಯಾಪುಗಳನ್ನು ಅದೇ ಬ್ಲಾಕಿನಲ್ಲಿ ಕೂರಿಸಿ ಒಂದೇ ಸಾಲಿನಲ್ಲಿ ಕೊರೆದಿರುತ್ತಾರೆ. ಹೆಡ್ಡಿನ ಮೇಲೆ ಕ್ಯಾಮ್ (ವಾಲ್ವು ತೆರೆಸುವ ದಂಡ) ಹೊರುವ ಕಂಬಗಳೂ ಹಾಗೇ. ಒಂದು ಹೆಡ್ಡಿನ ಕಂಬ ತೆಗೆದು ಇನ್ನೊಂದಕ್ಕೆ ಹಾಕಿದರೆ ಕ್ಯಾಮ್ ಕೈಯಲ್ಲಿ ತಿರುಗುವುದೇ ಇಲ್ಲ. ಬಿಚ್ಚಲೇಬೇಕಾದರೆ ಪ್ರತಿಯೊಂದಕ್ಕೂ ನಂಬರ್ ಗುದ್ದಿ, ದಿಕ್ಕೂ ಗುರುತು ಮಾಡಿ.

ಸಾಲಾಗಿ ಆರು ಇರುವ ಎಂಜಿನ್ನಿನ ಒಂದು ಸುಖ, ಕ್ರ್ಯಾಂಕನ್ನು ಅದರಷ್ಟಕ್ಕೇ ಬ್ಯಾಲೆನ್ಸ್ ಮಾಡಬಹುದು. ಆದರೆ ಆರು ಪಿಸ್ಟನ್ ಒಂದೇ ತೂಕ, ಆರು ರಾಡು ಒಂದೇ ತೂಕ ಇರಲೇಬೇಕು. ರಾಡನ್ನು ದೊಡ್ಡ ಕಣ್ಣು, ಚಿಕ್ಕ ಕಣ್ಣು ಬೇರೆ ಬೇರೆ ತೂಗಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಈ ಕೆಲಸಕ್ಕೆ ಬರುತ್ತದೆ. ಮನೆಯವರಿಗೆ ಹೇಳಿ ತೆಗೆದುಕೊಂಡು ಹೋಗಿ.

ಹೆಡ್: ನಾನು ತಪ್ಪು ಕೊಂಡದ್ದು

ಎಲ್ ಸರಣಿಯ ಹೆಡ್ ಗುರುತಿಸುವುದು ಸುಲಭ. ಒಂದನೇ ಮತ್ತು ಎರಡನೇ ಸ್ಪಾರ್ಕ್ ಪ್ಲಗ್ ನಡುವೆ ಎರಕದಲ್ಲೇ ಅಕ್ಷರ ಇರುತ್ತದೆ. 240ಝಡ್‌ನಲ್ಲಿ ಇ31 ಅಥವಾ ಇ88. 280ಝಡ್‌ನಲ್ಲಿ ಎನ್42, ಆಮೇಲೆ ಎನ್47. ಝಡ್‌ಎಕ್ಸ್‌ನಲ್ಲಿ ಪಿ79, ಟರ್ಬೊದಲ್ಲಿ ಪಿ90.

ನನಗೆ ಮೊದಲು ಒಬ್ಬರು ಎನ್42 ಕೊಂಡುಕೊಳ್ಳಿ, ವಾಲ್ವು ದೊಡ್ಡದು, ಕಂಪ್ರೆಶನ್ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) ಜಾಸ್ತಿ ಬರುತ್ತದೆ ಅಂದರು. ಎರಡೂ ನಿಜವೇ. ಕೊಂಡೆ. ಗಾಳಿ, ಹೊಗೆ ಹಾಯುವ ಪೋರ್ಟುಗಳನ್ನು ಒಂದು ಚಳಿಗಾಲವೆಲ್ಲ ಉಜ್ಜಿದೆ. ಆಮೇಲೆ ಲೆಕ್ಕ ಮಾಡಿದೆ. ಈ ಕ್ರಮ ಉಲ್ಟಾ ಆಗಬೇಕಿತ್ತು.

ಲೆಕ್ಕ ಹೀಗಿದೆ. 89 ಬೋರ್, 83 ಸ್ಟ್ರೋಕ್‌ಗೆ ಒಂದು ಸಿಲಿಂಡರಿಗೆ 516 ಸಿಸಿ. ಪಿಸ್ಟನ್ ಮೇಲೆ ಬಂದು ನಿಂತಾಗ ಉಳಿಯುವ ಜಾಗ ಎಷ್ಟು ಅಂತ ನೋಡಬೇಕು. ಎನ್42ರ ಗುಂಡಿ, ಅಂದರೆ ಹೆಡ್ಡಿನಲ್ಲಿ ಪೆಟ್ರೋಲ್ ಉರಿಯುವ ತಗ್ಗು, 44.6 ಸಿಸಿ. 2 ಮಿಮೀ ದಪ್ಪದ, 90 ಮಿಮೀ ಅಗಲದ ಗ್ಯಾಸ್ಕೆಟ್ 12.7 ಸಿಸಿ. ಪಿಸ್ಟನ್ 0.65 ಮಿಮೀ ಹೊರಗೆ ಬರುವುದರಿಂದ 4 ಸಿಸಿ ಕಳೆಯಿರಿ. 53.3 ಉಳಿಯಿತು. 516ಕ್ಕೆ 53.3 ಕೂಡಿ, 53.3ರಿಂದ ಭಾಗಿಸಿ. 10.7 ಬಂತು. ಇದು ಪಿಸ್ಟನ್ ತಲೆ ಪೂರ್ತಿ ಚಪ್ಪಟೆ ಅಂತ ಇಟ್ಟುಕೊಂಡ ಲೆಕ್ಕ. ನಿಮ್ಮ ಪಿಸ್ಟನ್ನಿನಲ್ಲಿ ತಗ್ಗು ಇದ್ದರೆ ಅದನ್ನೂ ಅಳೆದು ಕೂಡಬೇಕು, ಕಂಪ್ರೆಶನ್ ಅಷ್ಟು ಕಡಿಮೆಯಾಗುತ್ತದೆ.

10.7 ಅಂದರೆ ಇಲ್ಲಿನ ಬಂಕಿನ 91 ಆಕ್ಟೇನ್ ಪೆಟ್ರೋಲಿಗೆ ಕಷ್ಟ. ಅದೂ ಎನ್42ರಂಥ ತೆರೆದ ಗುಂಡಿಯ ಹೆಡ್ಡಿಗೆ. ಆಕ್ಸಲರೇಟರ್ ಒತ್ತಿದ ಕೂಡಲೇ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ನಾಕಿಂಗ್ (ಮಿಶ್ರಣ ತಾನಾಗಿಯೇ ಹೊತ್ತಿ ಬಡಿಯುವುದು) ಶುರು. (ಅಂದಹಾಗೆ ಊರಿನವರು ಗಮನಿಸಿ: ಅಮೆರಿಕದ ಬಂಕಿನ 91 ಮತ್ತು ನಮ್ಮಲ್ಲಿನ 91 ಒಂದೇ ಅಲ್ಲ, ಲೆಕ್ಕ ಹಾಕುವ ರೀತಿ ಬೇರೆ. ಇಲ್ಲಿನ 91 ಸುಮಾರು ಅಲ್ಲಿನ 95ಕ್ಕೆ ಸಮ.)

ಅದೇ ಲೆಕ್ಕವನ್ನು ಪಿ90 ಹೆಡ್ಡಿಗೆ ಮಾಡಿ. ಗುಂಡಿ 53.6 ಸಿಸಿ. ಒಟ್ಟು ಉಳಿಯುವ ಜಾಗ 62.3. ಕಂಪ್ರೆಶನ್ 9.3. ಜೊತೆಗೆ ಪಿ79, ಪಿ90 ಹೆಡ್ಡಿನ ಗುಂಡಿ ಮುಚ್ಚಿದ ಆಕಾರದ್ದು, ಒಂದು ಪಕ್ಕದಲ್ಲಿ ಚಪ್ಪಟೆ ಜಾಗ ಇದೆ. ಪಿಸ್ಟನ್ ಅದರ ಹತ್ತಿರ ಬಂದಾಗ ಅಲ್ಲಿನ ಪೆಟ್ರೋಲ್ ಮಿಶ್ರಣ ಪ್ಲಗ್ ಕಡೆಗೆ ಚಿಮ್ಮುತ್ತದೆ, ಚೆನ್ನಾಗಿ ಉರಿಯುತ್ತದೆ, ನಾಕಿಂಗ್ ಕಡಿಮೆ. ಗ್ಯಾಸ್ಕೆಟ್ 2 ಮಿಮೀ, ಪಿಸ್ಟನ್ 0.65 ಹೊರಗೆ, ನಡುವೆ 1.35 ಮಿಮೀ. ಒಳ್ಳೇ ಅಂತರ. ಕಂಪ್ರೆಶನ್ ಇನ್ನೂ ಬೇಕು ಅಂತ ಮಾಮೂಲಿ 1.2 ಮಿಮೀ ಗ್ಯಾಸ್ಕೆಟ್ ಹಾಕಿದರೆ ಅರ್ಧ ಮಿಮೀ ಉಳಿಯುತ್ತದೆ. ಜೋರಾಗಿ ತಿರುಗುವಾಗ ರಾಡು ಹಿಗ್ಗಿ ಪಿಸ್ಟನ್ ಹೆಡ್ಡಿಗೆ ಮುತ್ತು ಕೊಡುತ್ತದೆ. ಗ್ಯಾಸ್ಕೆಟ್ಟಿನ ತೂತು 89ಕ್ಕಿಂತ ದೊಡ್ಡದಿರಬೇಕು ಅನ್ನುವುದೂ ನೆನಪಿರಲಿ. ಎಲ್28ರ ಮಾಮೂಲಿ ಗ್ಯಾಸ್ಕೆಟ್ ಅಂಚು ಒಳಗೆ ಚಾಚಿಕೊಂಡು ಸುಟ್ಟುಹೋಗುತ್ತದೆ.

ನಾನು ಎನ್42 ಮಾರಿ ಪಿ90 ತಂದೆ. ಒಂದು ಚಳಿಗಾಲದ ಉಜ್ಜುವಿಕೆ ಬೇರೆ ಯಾರಿಗೋ ದಕ್ಕಿತು.

ಕೆಲವರು ಪಿ90ಯನ್ನು 2 ಮಿಮೀ ಫೇಸಿಂಗ್ ಮಾಡಿಸಿ, ಅಂದರೆ ಕೆಳಮೈ ಸವೆಸಿ, ಕಂಪ್ರೆಶನ್ ಏರಿಸುತ್ತಾರೆ. ಮಾಡಬಹುದು. ಆದರೆ ಹೆಡ್ ಅಷ್ಟು ಕೆಳಗಿಳಿದರೆ ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಸಡಿಲವಾಗುತ್ತದೆ, ಕ್ಯಾಮ್ ಟೈಮಿಂಗ್ ಹಿಂದೆ ಬೀಳುತ್ತದೆ. ಅದಕ್ಕೆ ಕ್ಯಾಮ್ ಕಂಬಗಳ ಕೆಳಗೆ ಅಷ್ಟೇ ದಪ್ಪದ ಪಟ್ಟಿ ಇಟ್ಟು ಮೇಲೆತ್ತಬೇಕು. ಚೂರುಪಾರು ಫೇಸಿಂಗ್ ಆಗಿದ್ದರೆ ಕ್ಯಾಮ್ ಸ್ಪ್ರಾಕೆಟ್‌ನಲ್ಲೇ 1, 2, 3 ಅಂತ ಮೂರು ತೂತುಗಳಿವೆ, ಒಂದರಿಂದ ಮುಂದಿನದಕ್ಕೆ ಹಾಕಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ 4 ಡಿಗ್ರಿ ಸರಿಯಾಗುತ್ತದೆ.

ಎಕ್ಸಾಸ್ಟ್ ಪೋರ್ಟಿನ ಆಕಾರವನ್ನೂ ನೋಡಿಕೊಳ್ಳಿ. ಪಿ90 ಮತ್ತು ಎನ್42ದು ಚೌಕ, ಪಿ79 ಮತ್ತು ಎನ್47ದು ದುಂಡು, ಒಳಗೆ ಲೈನರ್ ಬೇರೆ ಇದೆ. ಮ್ಯಾನಿಫೋಲ್ಡ್ ಅದಕ್ಕೆ ಹೊಂದಬೇಕು. ಕ್ಯಾಮ್ ಬದಲಿಸುವುದಾದರೆ ಅದಕ್ಕೆ ಆಯಿಲ್ ಎಲ್ಲಿಂದ ಬರುತ್ತದೆ ಅಂತ ನೋಡಿ. ಕೆಲವು ಕ್ಯಾಮ್‌ನಲ್ಲಿ ಪ್ರತಿ ಲೋಬ್‌ನಲ್ಲೂ ಸಣ್ಣ ತೂತು ಇರುತ್ತದೆ, ಕೆಲವಕ್ಕೆ ಮೇಲಿನಿಂದ ಚಿಮುಕಿಸುವ ಕೊಳವೆ. ಎರಡೂ ಇಲ್ಲದ ಜೋಡಣೆ ಮಾಡಿಬಿಟ್ಟರೆ ಹತ್ತು ನಿಮಿಷದಲ್ಲಿ ಕ್ಯಾಮ್ ಬೋಳಾಗುತ್ತದೆ.

ಪೂರ್ತಿ ಕಟ್ಟುವ ಮೊದಲು ಒಂದು ಸಲ ಸುಮ್ನೆ ಜೋಡಿಸಿ ನೋಡಿ

ಕಾಗದದ ಲೆಕ್ಕ ಕಾಗದದ್ದು. 40 ವರ್ಷದ ಬ್ಲಾಕನ್ನು ಯಾರೋ ಒಮ್ಮೆ ಫೇಸಿಂಗ್ ಮಾಡಿಸಿರಬಹುದು. ಆಗ 207.85 ಅನ್ನುವುದು 207.5 ಆಗಿರುತ್ತದೆ. ಕ್ರ್ಯಾಂಕ್ ಇಳಿಸಿ, ರಿಂಗ್ ಹಾಕದೆ ಒಂದು ಪಿಸ್ಟನ್ ಹಾಕಿ, ಡಯಲ್ ಗೇಜ್ ಇಟ್ಟು ತಿರುಗಿಸಿ, ಎಷ್ಟು ಹೊರಗೆ ಬರುತ್ತದೆ ನೋಡಿ. ಆರನೇ ಸಿಲಿಂಡರಿನಲ್ಲೂ ನೋಡಿ. ಪಿನ್ನು ಬಿಗಿಯಾಗಿ ಒತ್ತಿ ಕೂರುವಂಥದ್ದು, ಮತ್ತೆ ಮತ್ತೆ ತೆಗೆದು ಹಾಕಲು ಆಗುವುದಿಲ್ಲ. ಪರೀಕ್ಷೆಗೆ ಅಂತ ಒಂದು ಹಳೇ ಪಿನ್ನನ್ನು ಸ್ವಲ್ಪ ಸವೆಸಿ ಇಟ್ಟುಕೊಳ್ಳಿ. ನನ್ನದರಲ್ಲಿ ಮುಂದೆ 0.62, ಹಿಂದೆ 0.70 ಬಂತು. ಬ್ಲಾಕಿನ ಮೇಲ್ಮೈ ಒಂದು ಚೂರು ಓರೆ ಇತ್ತು ಅಂತ ಗೊತ್ತಾಯಿತು, ಸರಿ ಮಾಡಿಸಿದೆ.

ಕ್ರ್ಯಾಂಕ್ ನಿಧಾನವಾಗಿ ಪೂರ್ತಿ ಸುತ್ತು ತಿರುಗಿಸುವಾಗ ರಾಡಿನ ಬೋಲ್ಟು ತಲೆ ಸಿಲಿಂಡರಿನ ಕೆಳ ಅಂಚಿಗೆ ತಾಗುತ್ತದಾ ನೋಡಿ. ತಾಗಿದರೆ ಅಂಚನ್ನು ಸ್ವಲ್ಪ ಉಜ್ಜಬೇಕು, ಆ ಕೆಲಸ ಈಗಲೇ ಆಗಬೇಕು.

ಆಮೇಲೆ ಜೇಡಿಮಣ್ಣಿನ ಪರೀಕ್ಷೆ. ಮಗಳ ಆಟದ ಮಣ್ಣು ತಂದೆ, ಹಸಿರು ಬಣ್ಣದ್ದು. ಚಕ್ಕುಲಿ ಒತ್ತುವಾಗ ಎಳೆ ಬರುತ್ತದಲ್ಲ, ಅಷ್ಟು ದಪ್ಪ ಉದ್ದಕ್ಕೆ ಹೊಸೆದು ಪಿಸ್ಟನ್ ತಲೆಯ ಮೇಲೆ, ವಾಲ್ವು ಬರುವ ಜಾಗದಲ್ಲಿ ಇಟ್ಟೆ. ಮೇಲೆ ಒಂದು ಹನಿ ಎಣ್ಣೆ, ಅಂಟದಿರಲಿ ಅಂತ. ಹಳೇ ಗ್ಯಾಸ್ಕೆಟ್ ಹಾಕಿ ಹೆಡ್ ಕೂರಿಸಿ, ಬೋಲ್ಟ್ ಬಿಗಿದು, ಚೈನ್ ಹಾಕಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿದೆ. ಹೆಡ್ ತೆಗೆದಾಗ ಮಣ್ಣಿನಲ್ಲಿ ವಾಲ್ವಿನ ಅಂಚು ಚಂದ್ರನ ತುಂಡಿನ ಹಾಗೆ ಮೂಡಿತ್ತು. ಬ್ಲೇಡಿನಲ್ಲಿ ಕೊಯ್ದು ತೆಳುವಾದ ಕಡೆ ಅಳೆಯಬೇಕು. ಇಂಟೇಕ್ ಕಡೆ 2 ಮಿಮೀ, ಎಕ್ಸಾಸ್ಟ್ ಕಡೆ 2.5 ಮಿಮೀ ಇದ್ದರೆ ನಿದ್ದೆ ಬರುತ್ತದೆ. ನೆನಪಿರಲಿ, ಹಳೇ ಗ್ಯಾಸ್ಕೆಟ್ಟಿನ ದಪ್ಪ ಹೊಸದಕ್ಕಿಂತ ಬೇರೆಯಿದ್ದರೆ ಆ ವ್ಯತ್ಯಾಸವನ್ನು ಕೂಡಿ ಕಳೆಯಬೇಕು.

ಹೆಡ್ಡಿನ ಗುಂಡಿಯನ್ನೂ ನೀವೇ ಅಳೆಯಿರಿ, ನಾನು ಕೊಟ್ಟ 53.6ನ್ನು ನಂಬಬೇಡಿ. ವಾಲ್ವು, ಪ್ಲಗ್ಗು ಹಾಕಿ ಹೆಡ್ಡನ್ನು ಮಗುಚಿ ಇಟ್ಟು, ಅಂಚಿಗೆ ಗ್ರೀಸು ಸವರಿ, ಸಣ್ಣ ತೂತಿರುವ ಅಕ್ರಿಲಿಕ್ ತಗಡು ಮುಚ್ಚಿ, ಬ್ಯೂರೆಟ್‌ನಿಂದ ಬಣ್ಣದ ನೀರು ಬಿಡಿ. ಪಿಯುಸಿ ಕೆಮಿಸ್ಟ್ರಿ ಲ್ಯಾಬಿನ ಆಮೇಲೆ ನಾನು ಬ್ಯೂರೆಟ್ ಹಿಡಿದದ್ದು ಇಲ್ಲೇ.

ಬೆಣೆ

ಇದನ್ನು ಬೇರೆಯಾಗಿಯೇ ಬರೆಯಬೇಕು. ಎಲ್ ಎಂಜಿನ್ನಿನ ಹೆಡ್ ಎತ್ತುವ ಮೊದಲು ಟೈಮಿಂಗ್ ಚೈನಿನ ಎರಡು ಎಳೆಗಳ ನಡುವೆ ಒಂದು ಮರದ ಬೆಣೆಯನ್ನು ಮೇಲಿನಿಂದ ಇಳಿಸಿ ಬಿಗಿಯಾಗಿ ಕೂರಿಸಬೇಕು. ಇಲ್ಲದಿದ್ದರೆ ಚೈನ್ ಸಡಿಲವಾದ ಕ್ಷಣ ಅದನ್ನು ಬಿಗಿ ಹಿಡಿದಿರುವ ಟೆನ್ಶನರ್ ಸಿಡಿದು ಆಚೆ ಬರುತ್ತದೆ. ಅದನ್ನು ಮತ್ತೆ ಒಳಗೆ ಹಾಕಬೇಕಾದರೆ ಮುಂದಿನ ಕವರ್ ಬಿಚ್ಚಬೇಕು, ಅದಕ್ಕೆ ಪುಲ್ಲಿ ಬಿಚ್ಚಬೇಕು, ವಾಟರ್ ಪಂಪ್ ಬಿಚ್ಚಬೇಕು, ಆಯಿಲ್ ಸಂಪು ಸಡಿಲಿಸಬೇಕು.

ನಾನು ಜೇಡಿಮಣ್ಣಿನ ಪರೀಕ್ಷೆಗೆ ಹೆಡ್ ತೆಗೆಯುವಾಗ ಬೆಣೆ ಹಾಕಿದ್ದೆ. ಮತ್ತೆ ಕೂರಿಸುವ ಮೊದಲು, ಇದೇನು ಅಡ್ಡ ಅಂತ ಎಳೆದು ಪಕ್ಕಕ್ಕಿಟ್ಟೆ. ಒಳಗಿನಿಂದ ಟಕ್ ಅಂತ ಒಂದು ಶಬ್ದ ಬಂತು. ಬೆಣೆ ಕಿತ್ತ ಕೋತಿಯ ಕಥೆಯನ್ನು ಅಜ್ಜಿ ಎಷ್ಟು ಸಲ ಹೇಳಿದ್ದರೋ, ಮೂವತ್ತು ವರ್ಷದ ಮೇಲೆ ಗ್ಯಾರೇಜಿನ ನೆಲದ ಮೇಲೆ ಕೂತು ಅರ್ಥವಾಯಿತು. ಇಡೀ ಭಾನುವಾರ ಹೋಯಿತು. ಬೆಣೆಗೆ ಒಂದು ಹಗ್ಗ ಕಟ್ಟಿ, ಹಗ್ಗದ ತುದಿಗೆ ಕೆಂಪು ಬಟ್ಟೆ ಕಟ್ಟಿ. ಕ್ಯಾಮ್ ಸ್ಪ್ರಾಕೆಟ್ ಬೋಲ್ಟ್ ಬಿಗಿಯುವವರೆಗೆ ಅದನ್ನು ಮುಟ್ಟಬೇಡಿ.

ಮಿಕ್ಕಿದ್ದು ಬೇಗ ಬೇಗ

ಇಗ್ನಿಷನ್‌ಗೆ 280ಝಡ್‌ಎಕ್ಸ್‌ನ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿ, ಪಕ್ಕದಲ್ಲಿ ಬೆಂಕಿಪೆಟ್ಟಿಗೆಯಷ್ಟು ಮಾಡ್ಯೂಲ್ ಇರುವಂಥದ್ದು. ಅದರ ಕೆಳಗಿನ ಪೀಠವನ್ನೂ ಝಡ್‌ಎಕ್ಸ್‌ನಿಂದಲೇ ತರಬೇಕು. ಹಳೇ ಡಿಸ್ಟ್ರಿಬ್ಯೂಟರಿನೊಳಗೆ ಸವೆಯುವ ಪಾಯಿಂಟ್ಸ್ ಕಾಟ ತಪ್ಪಿತು. ಈ ಇಡೀ ಕಥೆಯಲ್ಲಿ ಕಡಿಮೆ ದುಡ್ಡಿಗೆ ಜಾಸ್ತಿ ಸುಖ ಕೊಟ್ಟ ಸಾಮಾನು ಇದೇ. 3.1 ಕಟ್ಟದಿದ್ದರೂ ಇದನ್ನು ಹಾಕಿಸಿಕೊಳ್ಳಿ.

ಪೆಟ್ರೋಲ್ ಪಂಪ್ ವಿಷಯ ಹುಷಾರು. 280ಝಡ್‌ನದು ಇಂಜೆಕ್ಷನ್ ಕಾರು, ಅದರ ಪಂಪ್ ಸುಮಾರು 36 ಪಿಎಸ್‌ಐ ಒತ್ತಡ ಕೊಡುತ್ತದೆ. ಕಾರ್ಬುರೇಟರಿಗೆ ಬೇಕಾದದ್ದು ಮೂರೋ ನಾಲ್ಕೋ. ಅದನ್ನೇ ಇದಕ್ಕೆ ಕೊಟ್ಟರೆ ಪೆಟ್ರೋಲ್ ಉಕ್ಕಿ ಎಕ್ಸಾಸ್ಟ್ ಮೇಲೆ ಸುರಿಯುತ್ತದೆ, ಬೆಂಕಿಗೆ ಇನ್ನೇನು ಬೇಕು. 1970ರಿಂದ 1972ರವರೆಗಿನ ಕಾರುಗಳಲ್ಲಿ ಬಂದ ದುಂಡು ತಲೆಯ ಜೋಡಿ ಕಾರ್ಬುರೇಟರ್ ಒಳ್ಳೆಯವು, ಆದರೆ 3.1 ಲೀಟರಿಗೆ ಉಸಿರು ಸಾಲದು. ನಾನು ಮೊದಲ ವರ್ಷ ಅವನ್ನೇ ಇಟ್ಟು ಓಡಿಸಿ, ಆಮೇಲೆ ಮೂರು ವೆಬರ್ ಕಾರ್ಬುರೇಟರ್ ಹಾಕಿದೆ.

ಕ್ಲಚ್‌ನಲ್ಲಿ ಎಲ್ಲರೂ ಎಡವುತ್ತಾರೆ. ಪ್ರೆಶರ್ ಪ್ಲೇಟ್ ಯಾವ ಕಾರಿನದೋ, ರಿಲೀಸ್ ಬೇರಿಂಗ್ ಕೂರುವ ಕಾಲರ್ ಕೂಡ ಅದೇ ಕಾರಿನದಾಗಬೇಕು. ಎತ್ತರ ಬೇರೆ ಬೇರೆ ಇವೆ. ಇದು ಗೇರ್‌ಬಾಕ್ಸ್ ಕೂರಿಸಿದ ಮೇಲೆ ಗೊತ್ತಾದರೆ ಮತ್ತೆ ಇಳಿಸಬೇಕು, ಅಷ್ಟೇ.

ಕಾನೂನು: ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೇ ಮಾಡೆಲ್‌ಗಳಿಗೆ ಹೊಗೆ ತಪಾಸಣೆ ಇಲ್ಲ, 240ಝಡ್ ಬಚಾವ್. 1976 ಮತ್ತು ಅದರ ಆಮೇಲಿನ 280ಝಡ್ ಇಟ್ಟುಕೊಂಡವರು ಈ ಸಾಹಸಕ್ಕೆ ಇಳಿಯುವ ಮೊದಲು ಯೋಚಿಸಿ. ಊರಲ್ಲಿರುವ ನನ್ನ ತಮ್ಮ ಇದೇ ಬಗೆಯ ಕೆಲಸ ತನ್ನ ಹಳೇ ಕಾರಿಗೆ ಮಾಡಿಸಲಾ ಅಂತ ಕೇಳಿದ್ದ. ಎಂಜಿನ್ ಬದಲಿಸಿದರೆ ಮೊದಲು ಆರ್‌ಟಿಒಗೆ ಹೋಗು ಮಾರಾಯ, ಆರ್‌ಸಿಯಲ್ಲಿ ಇಲ್ಲದ ಎಂಜಿನ್ ಇಟ್ಟುಕೊಂಡು ರಸ್ತೆಗೆ ಇಳಿಯಬೇಡ ಅಂದೆ.

ಮೊದಲ ಸಲ ಶುರು ಮಾಡುವಾಗ

ಹೊಸ ಕ್ಯಾಮ್ ಹಾಕಿದ್ದರೆ ಅದು ಒತ್ತುವ ಹಳೇ ರಾಕರ್ ಹಾಗೇ ಹಾಕಬೇಡಿ. ರಾಕರ್ ಮೈ ಮತ್ತೆ ಉಜ್ಜಿಸಿ ಅಥವಾ ಹೊಸದು ಹಾಕಿ. ಆಯಿಲ್ ಪಂಪಿನೊಳಗೆ ಕೂರಿಸುವಾಗಲೇ ಎಣ್ಣೆ ತುಂಬಿ. ಪ್ಲಗ್ಗುಗಳನ್ನು ತೆಗೆದು, ಗೇಜ್ ಏಳುವವರೆಗೆ ಸೆಲ್ಫ್ ಹೊಡೆಯಿರಿ. ಜಿಂಕ್ ಜಾಸ್ತಿ ಇರುವ ಆಯಿಲ್ ಹಾಕಿ, ಶುರುವಾದ ಕೂಡಲೇ 2000 ಆರ್‌ಪಿಎಂಗೆ ಏರಿಸಿ 20 ನಿಮಿಷ ಅಲ್ಲೇ ಹಿಡಿಯಿರಿ. ಐಡಲ್‌ಗೆ ಬಿಡಬೇಡಿ, ಕ್ಯಾಮ್‌ಗೆ ಆಯಿಲ್ ಸಾಲುವುದಿಲ್ಲ. ಆ 20 ನಿಮಿಷ ನಿಮ್ಮ ಬದುಕಿನ ಅತಿ ಉದ್ದದ 20 ನಿಮಿಷ. ಪಕ್ಕದ ಮನೆಯವರಿಗೆ ಮುಂಚೆಯೇ ಹೇಳಿರಿ. ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿರಲಿ.

ನನ್ನದು ಶುರುವಾದಾಗ ಹೆಂಡತಿ ಅದನ್ನು ಹಿಡಿದು ನಿಂತಿದ್ದಳು. ಹತ್ತನೇ ನಿಮಿಷಕ್ಕೆ "ಇದು ಡೀಸೆಲ್ ಕ್ರ್ಯಾಂಕ್ ಅಂದಿರಲ್ಲ, ಡೀಸೆಲ್ ಥರ ಸದ್ದೇ ಇಲ್ಲ" ಅಂದಳು. ಸದ್ದು ಬರುವುದು ಕ್ರ್ಯಾಂಕಿನಿಂದಲ್ಲ ಅಂತ ವಿವರಿಸುವ ಹೊತ್ತಿಗೆ ಥರ್ಮೋಸ್ಟಾಟ್ ತೆರೆದು ರೇಡಿಯೇಟರ್ ಕೊಳವೆ ಬಿಸಿಯಾಯಿತು.

ಎಂಜಿನ್ ಪೂರ್ತಿ ಬಿಸಿ ಇರುವಾಗಲೇ ಟ್ಯಾಪೆಟ್ ಸಂದು ಸೆಟ್ ಮಾಡಿ: ಇಂಟೇಕ್ 0.25 ಮಿಮೀ, ಎಕ್ಸಾಸ್ಟ್ 0.30. ಇದು ಕಂಪನಿ ಕ್ಯಾಮ್‌ನ ಲೆಕ್ಕ, ಬೇರೆ ಕ್ಯಾಮ್ ಆದರೆ ಅದರ ಚೀಟಿ ನೋಡಿ. ಮೊದಲ ನೂರು ಕಿಲೋಮೀಟರ್ ಆದ ಮೇಲೆ ಆಯಿಲ್ ಬದಲಿಸಿ. ಹಳೇ ಫಿಲ್ಟರನ್ನು ಎಸೆಯಬೇಡಿ, ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ನನ್ನದರಲ್ಲಿ ಬೂದಿಯಂಥ ಸಣ್ಣ ಪುಡಿ ಇತ್ತು, ಅದು ರಿಂಗ್ ಪಳಗುವಾಗ ಬರುವುದೇ. ಜೊತೆಗೆ ಹಸಿರು ಬಣ್ಣದ ಒಂದು ಚೂರು. ಎರಡು ನಿಮಿಷ ಎದೆ ಡವಡವ ಅಂದಿತು, ಆಮೇಲೆ ಬೆರಳಲ್ಲಿ ಹಿಚುಕಿ ನೋಡಿದೆ. ಮಗಳ ಜೇಡಿಮಣ್ಣು.